ವರದಿ ಬಂದ ಮರುದಿನ: ಎಚ್‌ಪಿವಿ ಮತ್ತು ಗರ್ಭಕೊರಳ ಕ್ಯಾನ್ಸರ್

ಗರ್ಭಕೊರಳ ಕ್ಯಾನ್ಸರ್ ಕುರಿತು ಜಗತ್ತೆಲ್ಲ ಉಲ್ಲೇಖಿಸುವ ಒಂದು ಅಧ್ಯಯನ ನಡೆದದ್ದು ನಮ್ಮ ಉತ್ತರ ಕರ್ನಾಟಕದ ಸೀಮೆಗೆ ಬಹಳ ದೂರದಲ್ಲೇನಲ್ಲ. ವಿಜಯಪುರ, ಸೊಲ್ಲಾಪುರ ದಾಟಿದರೆ ಸಿಗುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ. ಈಗ ಅದರ ಹೆಸರು ಧಾರಾಶಿವ. ನವಲಗುಂದ, ರೋಣದ ಕಡೆ ಇರುವಂಥದೇ ಎರೆಮಣ್ಣು, ಮಳೆ ನಂಬಿದ ಬೇಸಾಯ, ಹೊತ್ತು ಮುಳುಗುವವರೆಗೆ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು. ಅಲ್ಲಿ 1999ರಿಂದ, 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ಹಳ್ಳಿಗಳ ಗುಂಪಿನ ಪ್ರಕಾರ ನಾಲ್ಕು ಭಾಗ ಮಾಡಲಾಯಿತು. ಒಂದು ಭಾಗಕ್ಕೆ ಈ ಕ್ಯಾನ್ಸರ್ ತರುವ ವೈರಸ್ ಪತ್ತೆ ಮಾಡುವ ಎಚ್‌ಪಿವಿ ಪರೀಕ್ಷೆ, ಇನ್ನೊಂದಕ್ಕೆ ಗರ್ಭಕೊರಳಿನ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ, ಮೂರನೆಯದಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆ, ನಾಲ್ಕನೆಯದಕ್ಕೆ ಆಗ ರೂಢಿಯಲ್ಲಿದ್ದ ಆರೋಗ್ಯ ಸೇವೆ ಮಾತ್ರ. ಪರೀಕ್ಷೆ ಮಾಡಿದ್ದು ಜೀವಮಾನಕ್ಕೆ ಒಂದೇ ಸಲ.

2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 34, ಯಾವ ಪರೀಕ್ಷೆಯೂ ಇಲ್ಲದ ಗುಂಪಿನಲ್ಲಿ 64. ಒಂದೇ ಒಂದು ಪರೀಕ್ಷೆ ಸಾವನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿತ್ತು. ಪ್ಯಾಪ್ ಮತ್ತು ಆಮ್ಲದ ಪರೀಕ್ಷೆ, ಒಂದೇ ಸಲ ಮಾಡಿದಾಗ, ಅಂಥ ಇಳಿಕೆ ತೋರಿಸಲಿಲ್ಲ. ಎಚ್‌ಪಿವಿ ಇಲ್ಲ ಎಂದು ವರದಿ ಬಂದವರಲ್ಲಿ ಆ ಎಂಟು ವರ್ಷ ಈ ಕ್ಯಾನ್ಸರ್‌ಗೆ ಒಬ್ಬರೂ ಬಲಿಯಾಗಲಿಲ್ಲ. ನಾಲ್ಕನೇ ಗುಂಪಿನ ಮಹಿಳೆಯರಿಗೆ ಪರೀಕ್ಷೆಯನ್ನೇ ಕೊಡದೆ ಬಿಟ್ಟದ್ದು ಸರಿಯೇ ಎಂಬ ತಕರಾರು ಆಮೇಲೆ ಎದ್ದಿತು, ಏಳಬೇಕಾದದ್ದೇ. ಆ 64 ಜೀವಗಳ ಬೆಲೆ ತೆತ್ತು ಸಿಕ್ಕ ತಿಳಿವಳಿಕೆ ಇದು. ಅದನ್ನು ಕಪಾಟಿನಲ್ಲಿಟ್ಟು ಕೂರುವ ಹಕ್ಕು ನಮಗಿಲ್ಲ.

ಒಂದೇ ಪರೀಕ್ಷೆ ಇಷ್ಟು ಕೆಲಸ ಮಾಡುವುದು ಏಕೆ ಎಂಬುದಕ್ಕೆ ಉತ್ತರ ವೈರಸ್‌ನ ನಡವಳಿಕೆಯಲ್ಲಿದೆ. ಎಚ್‌ಪಿವಿ ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆ ಇವೆ. ಕೈಕಾಲಿನ ಮೇಲೆ ನರಹುಲಿ ಎಬ್ಬಿಸುವವು ಬೇರೆ, ಜನನಾಂಗದ ಗಂಟುಗಳಿಗೆ ಕಾರಣವಾಗುವ 6 ಮತ್ತು 11 ಬೇರೆ. ಕ್ಯಾನ್ಸರ್ ತರಬಲ್ಲವು ಸುಮಾರು ಒಂದು ಡಜನ್. ಅವುಗಳಲ್ಲಿ 16 ಮತ್ತು 18 ಎಂಬ ಎರಡು ಬಗೆಗಳೇ ಜಗತ್ತಿನ ಗರ್ಭಕೊರಳ ಕ್ಯಾನ್ಸರ್‌ಗಳಲ್ಲಿ ಶೇ 70ರಷ್ಟಕ್ಕೆ ಹೊಣೆ, ಭಾರತದಲ್ಲಿ ಅದಕ್ಕಿಂತಲೂ ಹೆಚ್ಚು. ಜರ್ಮನಿಯ ಹರಾಲ್ಡ್ ಸುರ್ ಹೌಸನ್ ಅವರ ತಂಡ 16ನ್ನು 1983ರಲ್ಲಿ, 18ನ್ನು ಮರುವರ್ಷ ಪತ್ತೆ ಹಚ್ಚಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು.

ಗರ್ಭಕೊರಳಿನ ಬಾಯಲ್ಲಿ ಎರಡು ತರದ ಜೀವಕೋಶಗಳು ಕೂಡುವ ಒಂದು ಉಂಗುರದಂಥ ಜಾಗವಿದೆ. ವೈದ್ಯರು ಅದನ್ನು ಪರಿವರ್ತನಾ ವಲಯ ಎನ್ನುತ್ತಾರೆ. ಹರೆಯದಲ್ಲಿ, ಬಸಿರಿನಲ್ಲಿ ಒಂದು ಬಗೆಯ ಕೋಶ ಇನ್ನೊಂದಾಗಿ ಬದಲಾಗುತ್ತಲೇ ಇರುವ ಜಾಗ ಅದು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಸಣ್ಣ ತರಚುಗಳ ಮೂಲಕ ಇಲ್ಲಿನ ತಳದ ಪದರ ಸೇರುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ, ಜ್ವರ ಬರಿಸುವುದಿಲ್ಲ, ಕೋಶವನ್ನು ಕೊಲ್ಲುವುದೂ ಇಲ್ಲ; ಅದಕ್ಕೇ ದೇಹದ ರೋಗನಿರೋಧಕ ವ್ಯವಸ್ಥೆಗೆ ಅದರ ಸುಳಿವು ತಡವಾಗಿ ಸಿಗುತ್ತದೆ. ಆದರೂ ಹತ್ತರಲ್ಲಿ ಸುಮಾರು ಒಂಬತ್ತು ಸೋಂಕು ಎರಡು ವರ್ಷದೊಳಗೆ ತಾವಾಗಿಯೇ ಅಡಗುತ್ತವೆ. ಅಡಗದೆ ಉಳಿದ ಕಡೆ ಅಪಾಯ. ವೈರಸ್‌ನ ಡಿಎನ್‌ಎ ಕೋಶದ ಡಿಎನ್‌ಎಯೊಳಗೆ ಬೆಸೆದುಕೊಂಡಾಗ, ವೈರಸ್‌ನ ಎರಡು ಪ್ರೋಟೀನ್‌ಗಳು ಲಂಗುಲಗಾಮಿಲ್ಲದೆ ಹುಟ್ಟತೊಡಗುತ್ತವೆ. ಇ6 ಎಂಬುದು ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ ಪಿ53 ಪ್ರೋಟೀನನ್ನು ನಾಶ ಮಾಡುತ್ತದೆ. ಇ7 ಎಂಬುದು ಕೋಶ ವಿಭಜನೆಗೆ ಕಡಿವಾಣ ಹಾಕುವ ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಇಷ್ಟಾದ ಮೇಲೂ ಪೂರ್ತಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದವರಲ್ಲಿ ಐದರಿಂದ ಹತ್ತೇ ವರ್ಷ ಸಾಕು.

ಇಷ್ಟು ದೀರ್ಘ ಅವಧಿ ಕೊಡುವ ಕ್ಯಾನ್ಸರ್ ಇನ್ನೊಂದು ಸಿಗುವುದು ಕಷ್ಟ. ಆದರೂ 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಬಂದಿದೆ, ಸುಮಾರು 80 ಸಾವಿರ ಮಂದಿ ಸತ್ತಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 30ರಿಂದ 49ರ ವಯಸ್ಸಿನವರಲ್ಲಿ ಎಂದಾದರೂ ಗರ್ಭಕೊರಳ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ.

ಮಾತು ಬಂದಾಗಲೆಲ್ಲ ಚರ್ಚೆ ಲಸಿಕೆಯ ಕಡೆ ಹೊರಳುತ್ತದೆ. ಲಸಿಕೆ ಒಳ್ಳೆಯದು, ಅದರಲ್ಲಿ ಅನುಮಾನ ಬೇಡ. ಅದರಲ್ಲಿರುವುದು ವೈರಸ್‌ನ ಹೊರಕವಚದ ಪ್ರೋಟೀನ್ ಮಾತ್ರ, ಕಾಳಿಲ್ಲದ ಹೊಟ್ಟಿನ ಹಾಗೆ. ಒಳಗೆ ಡಿಎನ್‌ಎ ಇಲ್ಲದ್ದರಿಂದ ಸೋಂಕು ತರುವ ಪ್ರಶ್ನೆಯೇ ಇಲ್ಲ. 12–13ರ ವಯಸ್ಸಿನಲ್ಲಿ ಲಸಿಕೆ ಪಡೆದ ಇಂಗ್ಲೆಂಡಿನ ಹುಡುಗಿಯರಲ್ಲಿ ಈ ಕ್ಯಾನ್ಸರ್ ಶೇ 87ರಷ್ಟು ತಗ್ಗಿದೆ. ಒಂದೇ ಡೋಸ್ ಸಾಕು ಎಂಬ ಅರಿವಿಗೆ ಮುಖ್ಯ ಆಧಾರ ಸಿಕ್ಕಿದ್ದು ಭಾರತದಲ್ಲೇ, ಅದೂ ಯಾರೂ ಬಯಸದ ರೀತಿಯಲ್ಲಿ. 2009–10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ನಡೆಯುತ್ತಿದ್ದ ಒಂದು ಎಚ್‌ಪಿವಿ ಲಸಿಕಾ ಯೋಜನೆಯಲ್ಲಿ ಕೆಲವು ಹುಡುಗಿಯರು ತೀರಿಕೊಂಡರು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತಾದರೂ ಒಪ್ಪಿಗೆ ಪಡೆದ ಕ್ರಮದಲ್ಲಿ ಲೋಪಗಳಿದ್ದವು. ದೇಶದಾದ್ಯಂತ ಎಲ್ಲ ಪ್ರಯೋಗಗಳೂ ನಿಂತವು. ಆಗ ಇನ್ನೊಂದು ಅಧ್ಯಯನದಲ್ಲಿ ಎರಡು ಅಥವಾ ಮೂರು ಡೋಸ್ ಪಡೆಯಬೇಕಿದ್ದ ಸಾವಿರಾರು ಹುಡುಗಿಯರು ಒಂದಕ್ಕೇ ನಿಂತರು. ಅವರನ್ನು ವರ್ಷಗಟ್ಟಲೆ ಗಮನಿಸಿದಾಗ, 16 ಮತ್ತು 18ರ ಪಟ್ಟುಹಿಡಿದ ಸೋಂಕಿನ ವಿರುದ್ಧ ಒಂದು ಡೋಸ್ ಶೇ 95ರಷ್ಟು ರಕ್ಷಣೆ ಕೊಟ್ಟದ್ದು ಕಂಡಿತು. 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20ರ ವಯಸ್ಸಿನವರಿಗೆ ಒಂದು ಡೋಸ್ ಆದರೂ ಆಗುತ್ತದೆ ಎಂದು ಹೇಳಿತು. ಎಚ್‌ಐವಿ ಮುಂತಾದ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತ್ರ ಹೆಚ್ಚು ಡೋಸ್ ಬೇಕು. ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಅದೇ 2022ರಲ್ಲಿ ಒಪ್ಪಿಗೆ ಪಡೆದ ಸ್ವದೇಶಿ ಲಸಿಕೆ. ಈ ಲಸಿಕೆಗಳನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಲಸಿಕೆಯಲ್ಲಿ ಬೆರೆಸಿರುವ ಅಲ್ಯೂಮಿನಿಯಂ ಲವಣ ಗರಣೆಯಾಗಿ ಅದು ಕೆಲಸಕ್ಕೆ ಬಾರದು. ಚುಚ್ಚಿದ ಮೇಲೆ ಹುಡುಗಿಯನ್ನು 15 ನಿಮಿಷ ಕೂರಿಸಬೇಕು, ಆ ವಯಸ್ಸಿನವರಿಗೆ ಸೂಜಿ ಕಂಡು ತಲೆ ಸುತ್ತುವುದು ಸಾಮಾನ್ಯ.

ಆದರೆ ಈಗಾಗಲೇ ಒಳಗೆ ಸೇರಿರುವ ಸೋಂಕನ್ನು ಲಸಿಕೆ ತೆಗೆಯುವುದಿಲ್ಲ. ಇಂದು 14ರ ಹುಡುಗಿಗೆ ಹಾಕಿದ ಲಸಿಕೆಯ ಫಲ ಕಾಣುವುದು ಎರಡು-ಮೂರು ದಶಕಗಳ ನಂತರ. ಅಲ್ಲಿಯವರೆಗೆ ಈ ಕಾಯಿಲೆ ಬರುವುದು ಆ ಹುಡುಗಿಯ ಅವ್ವನಿಗೆ, ದೊಡ್ಡವ್ವನಿಗೆ. ಅವರಿಗೆ ಬೇಕಿರುವುದು ಪರೀಕ್ಷೆ, ಮತ್ತು ಪರೀಕ್ಷೆಯ ಬೆನ್ನಿಗೇ ಚಿಕಿತ್ಸೆ.

ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ಸಿಗುವ ತಪಾಸಣೆ ಮುಖ್ಯವಾಗಿ ವಿಐಎ, ಅಂದರೆ ಆಮ್ಲ ಹಚ್ಚಿ ನೋಡುವುದು. ಕೇಂದ್ರ ಆರೋಗ್ಯ ಇಲಾಖೆಯ 2016ರ ಮಾರ್ಗಸೂಚಿ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಲು ಹೇಳುತ್ತದೆ. ಖರ್ಚು ಕಡಿಮೆ, ಉತ್ತರ ಅಲ್ಲೇ ಸಿಗುತ್ತದೆ. 95 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ 5 ಮಿಲಿಲೀಟರ್ ಗ್ಲೇಶಿಯಲ್ ಅಸಿಟಿಕ್ ಆಮ್ಲ ಬೆರೆಸಿದರೆ ಶೇ 5ರ ದ್ರಾವಣ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಹಾಕಬಾರದು. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಇಟ್ಟು, ಒಳ್ಳೆಯ ಬೆಳಕಿನಲ್ಲಿ ಗರ್ಭಕೊರಳನ್ನು ಮೊದಲು ಹಾಗೇ ನೋಡಿ, ಹತ್ತಿಯಲ್ಲಿ ದ್ರಾವಣ ತೋಯಿಸಿ ಹಚ್ಚಿ, ಪೂರ್ತಿ ಒಂದು ನಿಮಿಷ ಕಾಯಬೇಕು. ಬದಲಾದ ಕೋಶಗಳಲ್ಲಿ ಪ್ರೋಟೀನ್ ಒತ್ತಾಗಿರುವುದರಿಂದ ಅವು ಆಮ್ಲಕ್ಕೆ ಹೆಪ್ಪುಗಟ್ಟಿ ಬೆಳ್ಳಗಾಗುತ್ತವೆ. ಎರಡು ಬಗೆಯ ಕೋಶ ಕೂಡುವ ಗೆರೆಗೆ ಅಂಟಿಕೊಂಡು, ಅಂಚು ಸ್ಪಷ್ಟವಿರುವ, ದಟ್ಟ ಬಿಳಿ ಮಚ್ಚೆ ಕಂಡರೆ ಪಾಸಿಟಿವ್.

ತಪ್ಪುವುದು ಇಲ್ಲೇ. ಸಾಲು ಉದ್ದವಿದೆಯೆಂದು ಹದಿನೈದು ಸೆಕೆಂಡಿಗೇ ನೋಡಿ ಮುಗಿಸಿದರೆ ಮಚ್ಚೆ ಇನ್ನೂ ಮೂಡಿರುವುದಿಲ್ಲ. ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳದೆ ಮುಚ್ಚಳ ಸಡಿಲವಾದ ಬಾಟಲಿಯಲ್ಲಿ ವಾರಗಟ್ಟಲೆ ಇಟ್ಟರೆ ಶಕ್ತಿ ಕುಂದುತ್ತದೆ. ಸೋಂಕಿನ ಉರಿಯೂತವೂ, ಸಹಜವಾಗಿ ಬಲಿಯುತ್ತಿರುವ ಕೋಶಗಳೂ ತೆಳುವಾಗಿ ಬೆಳ್ಳಗಾಗುತ್ತವೆ; ಹೊಸದಾಗಿ ಕಲಿತವರು ಅದನ್ನೂ ಪಾಸಿಟಿವ್ ಎನ್ನುತ್ತಾರೆ. ಮುಟ್ಟು ನಿಂತ ಮೇಲೆ ಆ ಗೆರೆ ಗರ್ಭಕೊರಳಿನ ಒಳಗೆ ಸರಿದುಬಿಡುವುದರಿಂದ ಐವತ್ತು ದಾಟಿದವರಲ್ಲಿ ಕಣ್ಣಿನ ಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಮುಂಬೈ ಕೊಳೆಗೇರಿಗಳಲ್ಲಿ ನಡೆದ ಅಧ್ಯಯನದಲ್ಲಿ ಇದೇ ವಿಐಎ ಸಾವನ್ನು ಶೇ 31ರಷ್ಟು ತಗ್ಗಿಸಿತ್ತು ನಿಜ. ಆದರೆ ಅಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ನಾಲ್ಕು ಸುತ್ತು ಮಾಡಿದ್ದರು, ಅವರ ಮೇಲೆ ನಿಗಾ ಇತ್ತು. ಒಂದು ಶಿಬಿರ ಮಾಡಿ ಬ್ಯಾನರ್ ಬಿಚ್ಚಿಕೊಂಡು ಹೋಗುವ ವಿಐಎಯಿಂದ ಆ ಫಲ ನಿರೀಕ್ಷಿಸುವುದು ಸರಿಯಲ್ಲ.

ಹಾಗಾಗಿ ಎಚ್‌ಪಿವಿ ಪರೀಕ್ಷೆಯೇ ನಮ್ಮ ಹಳ್ಳಿಗಳಿಗೆ ಹೆಚ್ಚು ಹೊಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಹೇಳುತ್ತಿರುವುದೂ ಅದನ್ನೇ: 30ರಿಂದ ಶುರು ಮಾಡಿ ಐದರಿಂದ ಹತ್ತು ವರ್ಷಕ್ಕೊಮ್ಮೆ, ಎಚ್‌ಐವಿ ಇದ್ದವರಿಗೆ 25ರಿಂದ, ಮೂರರಿಂದ ಐದು ವರ್ಷಕ್ಕೊಮ್ಮೆ. ಈ ಕೊನೆಯ ಮಾತು ಎಚ್‌ಐವಿ ಹೆಚ್ಚಾಗಿರುವ ಉತ್ತರ ಕರ್ನಾಟಕಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಎಚ್‌ಐವಿ ಇರುವ ಮಹಿಳೆಗೆ ಈ ಕ್ಯಾನ್ಸರ್ ಬರುವ ಅಪಾಯ ಆರು ಪಟ್ಟು. ಎಆರ್‌ಟಿ ಕೇಂದ್ರಕ್ಕೆ ಎಚ್‌ಐವಿ ಮಾತ್ರೆಗೆಂದು ಹೇಗೂ ಬರುವವರಿಗೆ ಅಲ್ಲೇ ಪರೀಕ್ಷೆ ಮಾಡುವುದಕ್ಕಿಂತ ಸುಲಭದ ಕೆಲಸ ಇಲ್ಲ.

ಇದರ ದೊಡ್ಡ ಅನುಕೂಲವೆಂದರೆ ಮಾದರಿಯನ್ನು ಮಹಿಳೆಯೇ ತೆಗೆದುಕೊಳ್ಳಬಹುದು. ಮೇಜಿನ ಮೇಲೆ ಮಲಗಿ ಅಪರಿಚಿತರ ಮುಂದೆ ಕಾಲು ಅಗಲಿಸಬೇಕು ಎಂಬ ಸಂಕೋಚವೇ ಎಷ್ಟೋ ಮಂದಿಯನ್ನು ತಡೆಯುತ್ತಿರುವಾಗ ಇದು ಸಣ್ಣ ವಿಷಯವಲ್ಲ. ಮುಟ್ಟಿನ ದಿನಗಳನ್ನು ಬಿಟ್ಟು, ಕೈ ತೊಳೆದುಕೊಂಡು, ಮೃದುವಾದ ಬ್ರಷ್‌ ಅನ್ನು ಯೋನಿಯೊಳಗೆ ಬೆರಳುದ್ದ, ತಡೆ ಸಿಗುವವರೆಗೆ ಸೇರಿಸಿ, ಕಿಟ್‌ನಲ್ಲಿ ಹೇಳಿದಷ್ಟು ಸಲ ನಿಧಾನವಾಗಿ ತಿರುಗಿಸಿ, ಹೊರತೆಗೆದು ಕೊಳವೆಯ ದ್ರವದಲ್ಲಿ ಅದ್ದಿ ಮುಚ್ಚಬೇಕು. ಬ್ರಷ್‌ನ ತುದಿಯನ್ನು ಕೈಯಿಂದ ಮುಟ್ಟಬಾರದು. ಪಿಸಿಆರ್ ಆಧಾರಿತ ಯಂತ್ರದಲ್ಲಿ ಪರೀಕ್ಷಿಸಿದಾಗ ಹೀಗೆ ತೆಗೆದ ಮಾದರಿ ವೈದ್ಯರು ತೆಗೆದದ್ದಕ್ಕೆ ಹೆಚ್ಚುಕಡಿಮೆ ಸಮ. ಕ್ಷಯರೋಗಕ್ಕೆಂದು ಸರ್ಕಾರಿ ಆಸ್ಪತ್ರೆಗಳಿಗೆ ಬಂದಿರುವ ಟ್ರೂನಾಟ್ ಮತ್ತು ಸಿಬಿನಾಟ್ ಯಂತ್ರಗಳಿಗೆ ಎಚ್‌ಪಿವಿ ಚಿಪ್ ಮತ್ತು ಕಾರ್ಟ್ರಿಜ್ ಕೂಡ ಇವೆ. ಒಂದು ಓಟಕ್ಕೆ ಸುಮಾರು ಒಂದು ತಾಸು. ಯಂತ್ರ ಇಲ್ಲ ಎಂಬ ನೆಪ ಹಾಗಾಗಿ ಬಹಳ ದೂರ ನಡೆಯದು. ಕೊಂಡು ಪೂರೈಸಬೇಕಿರುವುದು ಚಿಪ್.

ಇನ್ನು ವರದಿ. ಎಚ್‌ಪಿವಿ ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ. ಗಂಡ ತಪ್ಪು ಮಾಡಿದ್ದಾನೆ, ಹೆಂಡತಿ ತಪ್ಪು ಮಾಡಿದ್ದಾಳೆ ಎಂದೂ ಅಲ್ಲ. ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ಕಾಣಿಸಿಕೊಳ್ಳಬಲ್ಲದು, ಯಾವಾಗ ಬಂತೆಂದು ಯಾವ ಪರೀಕ್ಷೆಯೂ ಹೇಳದು. ಇದನ್ನು ವರದಿ ಕೊಡುವಾಗಲೇ, ಮನೆಯವರ ಎದುರಿಗಲ್ಲದೆ ಮಹಿಳೆಗೆ ಮಾತ್ರ, ಬಿಡಿಸಿ ಹೇಳಬೇಕು. ಹೇಳದಿದ್ದರೆ ಆಕೆ ಚೀಟಿಯನ್ನು ಹರಿದು ಒಲೆಗೆ ಹಾಕುತ್ತಾಳೆ, ಮತ್ತೆ ಬರುವುದಿಲ್ಲ.

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಲೆಕ್ಕ ಹಾಕೋಣ. ಜನಸಂಖ್ಯೆ 30 ಸಾವಿರ; 30ರಿಂದ 65ರ ಮಹಿಳೆಯರು ಅಂದಾಜು ಆರು ಸಾವಿರ. ಐದು ವರ್ಷದಲ್ಲಿ ಎಲ್ಲರನ್ನೂ ಮುಟ್ಟಬೇಕೆಂದರೆ ವರ್ಷಕ್ಕೆ 1,200, ತಿಂಗಳಿಗೆ ನೂರು. ನೂರರಲ್ಲಿ ಏಳು ಮಂದಿ ಪಾಸಿಟಿವ್ ಬಂದರು ಎಂದಿಟ್ಟುಕೊಂಡರೂ ತಿಂಗಳಿಗೆ ಏಳು ಮಹಿಳೆಯರ ಹೆಸರು. ಏಳು ಜನರನ್ನು ಹೆಸರು ಹಿಡಿದು ಹುಡುಕಿ ಚಿಕಿತ್ಸೆ ಮುಟ್ಟಿಸುವುದು ಯಾವ ಕೇಂದ್ರಕ್ಕೂ ಆಗದ ಕೆಲಸವಲ್ಲ. ಸಾವಿರ ಜನರನ್ನು ಪರೀಕ್ಷಿಸಿದೆವು ಎಂದು ಪತ್ರಿಕೆಗೆ ಹೇಳುವ ಶಿಬಿರಗಳು ಆ ಎಪ್ಪತ್ತು ಜನರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆಯಾಯಿತು ಎಂದು ಹೇಳುವುದಿಲ್ಲ. ಕೇಳಬೇಕಾದ ಅಂಕಿ ಅದೊಂದೇ.

ಏಕೆಂದರೆ ದಾರಿ ಕಡಿಯುವುದು ಅಲ್ಲಿಯೇ. ಹಿರೇಕೆರೂರಿನ ಒಂದು ಹಳ್ಳಿಯಲ್ಲೋ ಗಜೇಂದ್ರಗಡದ ಹತ್ತಿರವೋ ಪಾಸಿಟಿವ್ ಬಂದವಳಿಗೆ 'ಹುಬ್ಬಳ್ಳಿಗೆ ಹೋಗಿ ಕಾಲ್ಪೋಸ್ಕೋಪಿ ಮಾಡಿಸು' (ಗರ್ಭಕೊರಳನ್ನು ಮಸೂರದಲ್ಲಿ ದೊಡ್ಡದಾಗಿ ನೋಡುವ ಪರೀಕ್ಷೆ) ಎಂದರೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿದೀತು, ದಿನದ ಪಗಾರ ಉಳಿಯದು. ಮೊದಲ ದಿನ ಹೊರರೋಗಿ ಚೀಟಿ, ಎರಡನೇ ದಿನ ಕಾಲ್ಪೋಸ್ಕೋಪಿ, ಬಯಾಪ್ಸಿ ವರದಿಗೆ ಮತ್ತೊಂದು ವಾರ, ಚಿಕಿತ್ಸೆಗೆ ಇನ್ನೊಂದು ಸಲ. ನೋವಿಲ್ಲ, ರಕ್ತವಿಲ್ಲ, ದುಡಿಯಲು ಅಡ್ಡಿಯಿಲ್ಲದ ಕಾಯಿಲೆಗೆ ನಾಲ್ಕು ಸಲ ಯಾರು ಹೋದಾರು? ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಿ ಕರೆದರೆ ಒಬ್ಬರೂ ಬರುವುದಿಲ್ಲ. ಅದು ಅಜ್ಞಾನವಲ್ಲ, ವರ್ಷದ ದುಡಿಮೆಯ ಪ್ರಶ್ನೆ.

ಪರಿಹಾರ ತಾಲ್ಲೂಕು ಮಟ್ಟದಲ್ಲೇ ಇದೆ. 16 ಅಥವಾ 18 ಇದ್ದವರು ಯಾರು, ಬೇರೆ ಬಗೆ ಇದ್ದವರು ಯಾರು ಎಂದು ಯಂತ್ರವೇ ವಿಂಗಡಿಸಿದರೆ, ಮೊದಲಿನವರಿಗೆ ನೇರವಾಗಿ ಚಿಕಿತ್ಸೆಯ ನಿರ್ಧಾರ, ಉಳಿದವರಿಗೆ ಒಂದು ವಿಐಎ ನೋಡಿ ನಿರ್ಧಾರ. ಚಿಕಿತ್ಸೆ ಹೆಚ್ಚಿನವರಿಗೆ ಥರ್ಮಲ್ ಅಬ್ಲೇಶನ್: ಬ್ಯಾಟರಿಯಿಂದ ನಡೆಯುವ ಕೈಯಲ್ಲಿ ಹಿಡಿಯುವ ಉಪಕರಣ, 100 ಡಿಗ್ರಿಗೂ ಮೇಲೆ ಕಾದ ಅದರ ತುದಿಯನ್ನು ಪರಿವರ್ತನಾ ವಲಯ ಪೂರ್ತಿ ಮುಚ್ಚುವಂತೆ 20ರಿಂದ 30 ಸೆಕೆಂಡು, ಬೇಕಾದರೆ ಜಾಗ ಸರಿಸಿ ಮತ್ತೆ ಮತ್ತೆ ಇಡುವುದು. ಸಾಮಾನ್ಯವಾಗಿ ಅರಿವಳಿಕೆಯೂ ಬೇಡ. ಕೋಶಗಳನ್ನು ಹೆಪ್ಪುಗಟ್ಟಿಸಿ ಕೊಲ್ಲುವ ಹಳೆಯ ಕ್ರಯೋ ಪದ್ಧತಿಗೆ ಬೇಕಿದ್ದ ಗ್ಯಾಸ್ ಸಿಲಿಂಡರಿನ ರಗಳೆ ಇದಕ್ಕಿಲ್ಲ. ತರಬೇತಿ ಪಡೆದ ನರ್ಸ್ ಕೂಡ ಮಾಡಬಲ್ಲರು.

ಎಲ್ಲರಿಗೂ ಇದು ಸಲ್ಲದು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು. ಮಚ್ಚೆ ಗರ್ಭಕೊರಳಿನ ಒಳನಾಳಕ್ಕೆ ಹೊಕ್ಕಿದ್ದರೆ, ಅದರ ಪೂರ್ತಿ ಅಂಚು ಕಾಣದಿದ್ದರೆ, ಮುಟ್ಟಿದರೆ ರಕ್ತ ಬರುವ ಹುಣ್ಣು ಅಥವಾ ಗಡ್ಡೆ ಇದ್ದರೆ, ಬಸಿರಿದ್ದರೆ, ಮಾಡಬಾರದು. ಅಂಥವರನ್ನೇ ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌ಗೋ ಗದಗ, ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಕಳಿಸಬೇಕು. ಅಲ್ಲಿ ಲೀಪ್ ವಿಧಾನದಲ್ಲಿ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅಬ್ಲೇಶನ್ ಆದವರಿಗೆ ಕೆಲವು ವಾರ ನೀರಿನಂಥ ಸ್ರಾವ ಇರುತ್ತದೆ, ಹೆದರಬೇಕಿಲ್ಲ. ನಾಲ್ಕು ವಾರ ಗಂಡನ ಸಂಗ ಬೇಡ. ಜ್ವರ, ದುರ್ವಾಸನೆ, ಹೆಚ್ಚು ರಕ್ತಸ್ರಾವ, ಕಿಬ್ಬೊಟ್ಟೆಯ ತೀವ್ರ ನೋವು ಕಂಡರೆ ಮಾತ್ರ ಕೂಡಲೇ ಬರಬೇಕು.

ಇಲ್ಲಿ ಒಂದು ಮಾತನ್ನು ಬಿಡುವಂತಿಲ್ಲ. ನಮ್ಮ ಕಡೆ ಬಿಳಿಸೆರಗು ಎಂದು ಹೋದವಳಿಗೆ 'ಚೀಲ ತೆಗೆಸಿಬಿಡು, ಇಲ್ಲಾಂದರ ಕ್ಯಾನ್ಸರ್ ಆಗತೈತಿ' ಎಂದು ಹೆದರಿಸುವುದು ಇನ್ನೂ ನಿಂತಿಲ್ಲ. ಹಾವೇರಿ ಜಿಲ್ಲೆಯಲ್ಲಿ ತಾಂಡಾದ ಮಹಿಳೆಯರು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ವಿರುದ್ಧ ಬೀದಿಗಿಳಿದಿದ್ದಾರೆ. ಬಿಳಿಸೆರಗಿಗೆ ಬಹಳಷ್ಟು ಸಲ ಕಾರಣ ಸಾಮಾನ್ಯ ಸೋಂಕು, ಮಾತ್ರೆಗೆ ಹೋಗುವಂಥದು. ಎಚ್‌ಪಿವಿ ಪಾಸಿಟಿವ್‌ಗೂ ಗರ್ಭಚೀಲ ತೆಗೆಯುವುದು ಚಿಕಿತ್ಸೆಯಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಪರೀಕ್ಷೆಯನ್ನೇ ಮಾಡದೆ ಚೀಲ ತೆಗೆದು, ಅದರಲ್ಲಿ ಕ್ಯಾನ್ಸರ್ ಇತ್ತೆಂದು ಆಮೇಲೆ ಗೊತ್ತಾಗುವುದು. ಕ್ಯಾನ್ಸರ್‌ಗೆ ಮಾಡಬೇಕಾದ ವಿಸ್ತಾರದ ಶಸ್ತ್ರಚಿಕಿತ್ಸೆ ಬೇರೆ. ಅರ್ಧಂಬರ್ಧ ತೆಗೆದ ಮೇಲೆ ಉಳಿದ ರೋಗಕ್ಕೆ ಸರಿಯಾದ ವಿಕಿರಣ ಕೊಡುವುದೂ ಕಷ್ಟವಾಗುತ್ತದೆ. ಯಾರೇ ಆಗಲಿ ಆಪರೇಶನ್ ಎಂದರೆ, ಗರ್ಭಕೊರಳಿನ ಪರೀಕ್ಷೆಯ ವರದಿ ಎಲ್ಲಿ ಎಂದು ಮೊದಲು ಕೇಳಬೇಕು.

ಸಂಗದ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ದುರ್ವಾಸನೆಯ ಸ್ರಾವ: ಈ ಲಕ್ಷಣ ಇದ್ದವರನ್ನು ತಪಾಸಣೆಯ ಸಾಲಿನಲ್ಲಿ ನಿಲ್ಲಿಸಬಾರದು, ನೇರ ಬಯಾಪ್ಸಿಗೆ ಕಳಿಸಬೇಕು. ಗರ್ಭಕೊರಳಿನಲ್ಲೇ ಇರುವ ಸಣ್ಣ ಗಡ್ಡೆಯಾದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಪಕ್ಕದ ಅಂಗಾಂಶಕ್ಕೆ ಹಬ್ಬಿದ್ದರೆ ವಾರಕ್ಕೆ ಐದು ದಿನದಂತೆ ಐದು ವಾರ ಹೊರಗಿನಿಂದ ವಿಕಿರಣ, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ, ಕೊನೆಗೆ ಒಳಗಿನಿಂದ ವಿಕಿರಣ ಕೊಡುವ ಬ್ರೇಕಿಥೆರಪಿ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು; ಎಳೆದಷ್ಟೂ ಗುಣವಾಗುವ ಸಾಧ್ಯತೆ ಇಳಿಯುತ್ತದೆ. ನಡುವೆ ನೋವು ಕಡಿಮೆಯಾಯಿತೆಂದು, ಬಿತ್ತನೆ ಬಂತೆಂದು ಊರಿಗೆ ಹೋಗಿ ಬ್ರೇಕಿಥೆರಪಿ ತಪ್ಪಿಸಿಕೊಳ್ಳುವುದೇ ದೊಡ್ಡ ನಷ್ಟ. ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆಯಿದ್ದರೆ ವಿಕಿರಣದ ಪರಿಣಾಮವೂ ತಗ್ಗುವುದರಿಂದ ರಕ್ತಹೀನತೆಯನ್ನು ಮೊದಲೇ ಸರಿಪಡಿಸಬೇಕು. ವಿಕಿರಣ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ. ಆ ಐದು ವಾರ ಊಟ-ವಸತಿ ಎಲ್ಲಿ, ಮನೆಯಲ್ಲಿ ಮಕ್ಕಳನ್ನು ನೋಡುವವರು ಯಾರು ಎಂಬುದನ್ನು ಮಾತ್ರ ಯಾವ ಕಾರ್ಡೂ ನೋಡುವುದಿಲ್ಲ.

ಕ್ಯಾನ್ಸರ್‌ಪೂರ್ವ ಹಂತದಲ್ಲೇ ಚಿಕಿತ್ಸೆಯಾದವರ ವಿಷಯವೂ ಅಲ್ಲಿಗೆ ಮುಗಿಯುವುದಿಲ್ಲ. ಹನ್ನೆರಡು ತಿಂಗಳ ನಂತರ ಮತ್ತೊಮ್ಮೆ ಎಚ್‌ಪಿವಿ ಪರೀಕ್ಷೆ ಆಗಬೇಕು. ಆಗಲೂ ಪಾಸಿಟಿವ್ ಬಂದರೆ ಮತ್ತೆ ಪರಿಶೀಲನೆ. ಆ ದಿನಾಂಕವನ್ನು ಮಹಿಳೆಯ ಚೀಟಿಯಲ್ಲಿ ಬರೆಯುವುದಷ್ಟೇ ಸಾಲದು, ಆಕೆಯ ಓಣಿಯ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ, ಬಾಣಂತಿಯರ ಹಾಗೂ ಮಕ್ಕಳ ಲಸಿಕೆಯ ದಿನಾಂಕಗಳ ಸಾಲಿನಲ್ಲೇ, ಹೆಸರಿನ ಮುಂದೆ ಬರೆದಿರಬೇಕು. ಆ ಕೆಲಸಕ್ಕೆ ಆಶಾ ಕಾರ್ಯಕರ್ತೆಗೆ ಪ್ರತ್ಯೇಕ ಪ್ರೋತ್ಸಾಹಧನವೂ ಸಿಗಬೇಕು.